ಗಾಜಿನ ಸಾಕ್ಷಿ

ಲಾ ಪಾಸ್ ನಗರದ ಪೂರ್ವದ ಇಳಿಜಾರಿನಲ್ಲಿ
ಸಾತುರ್ನಿನಾ ವಾಂಕಾಳ ಅಡುಗೆಮನೆಯ ಗೋಡೆಗೆ
ಗಾಜಿನ ಪಟ್ಟಿ ಅಂಟಿಸಿ ಬಂದವನು ನಾನೇ.
ಬಿರುಕಿನ ಆಚೆಗೊಂದು ಮುದ್ದೆ ಗಾರೆ, ಈಚೆಗೊಂದು,
ನಡುವೆ ಬೆರಳಗಲದ ಗಾಜು.
ನಮ್ಮ ಕಚೇರಿಯಲ್ಲಿ ಅದನ್ನು ಸಾಕ್ಷಿ ಅನ್ನುತ್ತಾರೆ.

"ಮಾತಾಡುತ್ತದಾ?" ಕೇಳಿದಳು.
"ಒಡೆದಾಗ ಮಾತ್ರ."
"ನನ್ನ ಗಂಡನ ಹಾಗೇ ಅನ್ನು," ನಕ್ಕು
ಒಲೆಯ ಮೇಲಿನ ಮುಚ್ಚಳ ಸರಿಸಿದಳು.

ಬೆಟ್ಟ ಓಡುವುದಿಲ್ಲ. ಓಡಿದ್ದರೆ ನಾವೂ ಓಡುತ್ತಿದ್ದೆವು.
ತಿಂಗಳಿಗೊಂದು ಕಿನೊವಾ ಕಾಳಿನಷ್ಟು ಜರುಗುತ್ತದೆ.
ಬಾಗಿಲು ಚೌಕಟ್ಟನ್ನು ಕಚ್ಚಿಕೊಳ್ಳುತ್ತದೆ,
ಬಡಗಿ ಬಂದು ಅಂಚು ಹೆರೆದು ಹೋಗುತ್ತಾನೆ.
ನಲ್ಲಿಯ ಕೊಳವೆ ಎಲ್ಲೋ ಕೀಲು ಬಿಟ್ಟು
ಮಣ್ಣಿಗೆ ಗುಟ್ಟಾಗಿ ಕುಡಿಸುತ್ತದೆ.
ನೀಲಗಿರಿ ಮರ ಬುಡದಲ್ಲಿ ಬಾಗಿ
ಮತ್ತೆ ನೆಟ್ಟಗಾಗಲು ನೋಡುತ್ತದೆ,
ಕುಡಿದು ಬಂದವನು ಹೆಂಡತಿಯೆದುರು ನಿಲ್ಲುವಂತೆ.

ಫೆಬ್ರವರಿಯ ಕೊನೆಯಲ್ಲಿ ಗಾಜು ಒಡೆಯಿತು.
ಸದ್ದಾಗಲಿಲ್ಲವಂತೆ. ಮೊಮ್ಮಗ ನೋಡಿ ಕೂಗಿದ್ದು.
ಕೋಳಿ, ಗ್ಯಾಸ್ ಸಿಲಿಂಡರು, ಹೊಲಿಗೆ ಯಂತ್ರ
ಹೊರಿಸಿಕೊಂಡು ಶಾಲೆಯ ಅಂಗಳ ಸೇರಿದಳು.
ಹೊರಡುವಾಗ ಹೊಸ್ತಿಲ ಮಣ್ಣಿಗೆ ಒಂದು ಗುಟುಕು ಸಾರಾಯಿ ಎರೆದು
ಅದೇನೋ ಬೈದಳಂತೆ, ಐಮಾರಾ ನುಡಿಯಲ್ಲಿ.

ಮರುದಿನ ಮಧ್ಯಾಹ್ನ, ಮಳೆ ನಿಂತು ಬಿಸಿಲು ಬಿದ್ದ ಮೇಲೆ, ಇಳಿಯಿತು.
ಕುಸಿತ ಅಂದರೆ ಗುಡುಗು ಅಂದುಕೊಂಡಿದ್ದೆ.
ಅಲ್ಲ. ಮೇಜಿನ ಬಟ್ಟೆಯನ್ನು ಮೆಲ್ಲಗೆ ಎಳೆದ ಹಾಗೆ
ತಟ್ಟೆ ಲೋಟಗಳ ಸಮೇತ ಇಡೀ ಕೇರಿ
ಜಾರಿತು. ಧೂಳು ಆಮೇಲೆ.

ಈಗಿನ ತಕರಾರು ಇದು:
ಅವಳ ಆಲೂಗಡ್ಡೆಯ ತುಂಡುನೆಲ, ಸಾಲು ಕೆಡದೆ,
ಹೂ ಬಿಟ್ಟ ಗಿಡಗಳೊಂದಿಗೆ
ಎಂಬತ್ತು ಮೀಟರ್ ಕೆಳಗೆ ಬಂದು
ಇಲಾರಿಯೋನ್ ಟಿಕೋನಾನ ಅಂಗಳದ ಮೇಲೆ ಕೂತಿದೆ.
ಅವನ ಅಂಗಳ ಅದರಡಿ ಎಲ್ಲೋ ಇದೆ,
ಅಂಗಳದಲ್ಲಿ ಅವನ ನಾಯಿ.

ನಕ್ಷೆಯ ಪ್ರಕಾರ ಜಾಗ ಅವನದು.
ಮಣ್ಣಿನ ಪ್ರಕಾರ ಅವಳದು.
ಅವಳ ಹಕ್ಕುಪತ್ರ ಹಳೆಯ ಅಂಕಿಗಳಲ್ಲೇ
ಗಾಳಿಯಲ್ಲಿ ನಿಂತಿದೆ.
ಅಲ್ಲಿನ ಕಂದಾಯ ಇನ್ನು ಹದ್ದು ಕಟ್ಟಬೇಕು.

ಅಳತೆಪಟ್ಟಿ ಬಿಚ್ಚಿದೆ. ತುದಿ ಹಿಡಿಯಲು
ಕದಲದ ಒಂದು ಗುರುತುಕಲ್ಲು ಬೇಕು.
ಸುತ್ತ ನೋಡಿದೆ.
ಪಟ್ಟಿಯನ್ನು ಮತ್ತೆ ಸುತ್ತಿದೆ.

ಅಷ್ಟರಲ್ಲಿ ಟಿಕೋನಾ ಗುದ್ದಲಿ ತಂದ. ಜಗಳವೇ ಅಂದುಕೊಂಡೆ.
ಅವನು ಒಂದು ಕೊನೆಯಿಂದ, ಅವಳು ಇನ್ನೊಂದರಿಂದ
ಅಗೆಯತೊಡಗಿದರು,
ಗಡ್ಡೆ ಅವಳ ಬೆನ್ನಿನ ಬಟ್ಟೆಗೆ, ಮಣ್ಣು ಅವನ ಬುಟ್ಟಿಗೆ.
ಗಡ್ಡೆಗಳು ಇನ್ನೂ ಎಳೆಯವು, ಗೋಲಿಯಷ್ಟು.
ಬೆಳಕು ಇಳಿಯುವವರೆಗೆ ಮಾತಿಲ್ಲ.

"ಇನ್ನೂ ಆಳಕ್ಕೆ ಹೋಗೋಣ," ಅಂದಳು ಆಮೇಲೆ,
"ನಾಯಿಯ ಹೆಸರೇನು?"