ಮೇಜಿನ ಮೇಲೊಂದು ಮುತ್ತಿಗೆ

ನಮ್ಮ ಮನೆಗೆ ಇರುವುದೊಂದೇ ಮೇಜು.
ಅದರ ಮೇಲೆ ಮೂರು ತಿಂಗಳಿಂದ ಯುದ್ಧ.

ಥರ್ಮಾಕೋಲು ಕೊರೆದು, ಅಂಟು ಬಳಿದು,
ಬೂದಿಬಣ್ಣ ಹಚ್ಚಿ ಹಚ್ಚಿ ನಿಲ್ಲಿಸಿದ ಬೆಟ್ಟ.
ಕಿಟಕಿ ತೆರೆದರೆ ಇದರಪ್ಪ ಕಾಣುತ್ತಾನೆ,
ಮಧುಗಿರಿಯ ಏಕಶಿಲೆ, ಬಿಸಿಲಿಗೆ ಬೆನ್ನು ಕೊಟ್ಟು.
ನನ್ನದು ಮೊಳದುದ್ದ. ಆದರೂ ಬುರುಜಿದೆ,
ಏಳು ಬಾಗಿಲಿದೆ, ನೀರಿಗೊಂದು ದೊಣೆಯಿದೆ:
ಶಾಂಪೂ ಬಾಟಲಿಯ ನೀಲಿ ಮುಚ್ಚಳ.

ಕೋಟೆಯವರು ಹುಣಸೆ ಬೀಜ,
ಮುತ್ತಿದವರು ಸೀತಾಫಲದ ಬೀಜ.
ಫಿರಂಗಿ ಗುಂಡು ದಸ್ತಗೀರನ ಕೊಡುಗೆ,
ಅವನ ಸೈಕಲ್ ಅಂಗಡಿಯ ಸವೆದ ಬೇರಿಂಗು.
ನಿಯಮಗಳು ಮಾತ್ರ ನನ್ನವು,
ಡಿಪೋದ ಹಳೆ ಟ್ರಿಪ್ ಶೀಟಿನ ಬೆನ್ನಿಗೆ
ಕಚೇರಿ ಭಾಷೆಯಲ್ಲೇ ಬರೆದದ್ದು.
ಹನ್ನೆರಡನೆಯದು: ದೊಣೆಯು ಬತ್ತಿದ ದಿನ
ಕೋಟೆಯು ಬೀಳತಕ್ಕದ್ದು.

ಭಾನುವಾರ, ಮೂರು ಗಂಟೆ. ಮುಷ್ಟಿಯಲ್ಲಿ ಕವಡೆ ಗಲಗಲ.
'ರೀ, ಸಿಲಿಂಡರ್ ಖಾಲಿ.'
ಎದ್ದು, ಹೊಸದನ್ನು ಉರುಳಿಸಿ, ಸೋಪಿನ ನೊರೆ ಹಚ್ಚಿ
ಗ್ಯಾಸು ಸೋರುತ್ತಿದೆಯೇ ನೋಡಿ ಬಂದೆ.
ಯಾರ ಸರದಿ?
'ಅಪ್ಪಾ, ಕಾಂಪಾಸ್ ಕಾಣ್ತಿಲ್ಲ' ಇಂಚರ.
ಕಾಂಪಾಸು ನನ್ನ ಮೂರನೇ ಬಾಗಿಲ ಅಗುಳಿ,
ಕೊಟ್ಟೆ. ಬಾಗಿಲು ತೆರೆಯಿತು.
ದಸ್ತಗೀರ್ ನೋಡದ ಹಾಗೆ ಕೂತಿದ್ದ,
ನೋಡಿದ್ದ.

ಆಮೇಲೆ ಪಾತ್ರೆ ತುಂಬ ನೆನೆದ ಅವರೆಕಾಳು
ನಮ್ಮಿಬ್ಬರ ನಡುವೆ ಬಂದು ಕೂತಿತು.
'ಸುಮ್ನೆ ಕೂತಿರ್ತೀರಲ್ಲ, ಹಿತುಕಿ.'
ಸುಮ್ಮನೆ! ಸಾವಿರ ಜನರ ಪ್ರಾಣ ನನ್ನ ಕೈಲಿ!
ಆ ಕೈಯೇ ಹಿತುಕತೊಡಗಿತು.
ಬೆರಳಿಗೆ ಸೊಗಡು, ಕಣ್ಣಿಗೆ ಕೋಟೆ;
ಒಂದು ಕಾಳು ಸಿಪ್ಪೆಯಿಂದ ಚಿಮ್ಮಿ
ಮೇಲಿನ ಬುರುಜಿನ ಕಾವಲುಗಾರನನ್ನು
ಕೆಡವಿಯೇ ಬಿಟ್ಟಿತು.
'ಅದು ಲೆಕ್ಕಕ್ಕಿಲ್ಲ' ನಾನು.
'ನಿಮ್ಮ ಕಾಳು, ನಿಮ್ಮ ಆಳು' ದಸ್ತಗೀರ್.

ಐದನೇ ಬಾಗಿಲು ಅವನಿಗೆ ದಕ್ಕಬೇಕು,
ನಾಲ್ಕು ಬೀಳಬೇಕು, ಕವಡೆ ಗಾಳಿಯಲ್ಲಿದೆ,
ಆಗ ಬೀದಿಗೆ ಬೀದಿಯೇ ಕೂಗಿತು: ನಲ್ಲಿ ಬಂತು!

ಎಂಟು ದಿನಕ್ಕೊಮ್ಮೆ ಬರುವ ನೀರು
ಯಾವ ಯುದ್ಧಕ್ಕೂ ಕಾಯುವುದಿಲ್ಲ.
ಡ್ರಮ್ಮು, ಬಿಂದಿಗೆ, ಬಕೀಟು, ಕುಕ್ಕರೂ ಸಹ;
ದಸ್ತಗೀರನ ಭುಜದ ಮೇಲೂ ಒಂದು ಕೊಡ.
ಪಂಚೆ ಕಟ್ಟಿ ಓಡಿದೆವು, ತುಂಬಿದೆವು, ಚೆಲ್ಲಿದೆವು,
ಒಂದು ಗಂಟೆ. ಆಮೇಲೆ ಗೊರಗೊರ, ಗಾಳಿ.

ಒದ್ದೆ ಕಾಲಲ್ಲಿ ಒಳಗೆ ಬಂದರೆ
ವನಜಾಕ್ಷಿ ಮೇಜಿನ ಮುಂದೆ ನಿಂತಿದ್ದಳು.
ಮೂರು ತಿಂಗಳಲ್ಲಿ ಮೊದಲ ಸಲ
ಧೂಳು ಹೊಡೆಯುವುದಕ್ಕಲ್ಲದೆ.

'ಇದೇನು ನೀಲಿದು?'
'ದೊಣೆ.'
'ಇಲ್ಲಿಂದ ಮೇಲಕ್ಕೆ ನೀರು ಹೊರೋರ್ಯಾರು?'
ನಾನು ದಸ್ತಗೀರನನ್ನು ನೋಡಿದೆ,
ದಸ್ತಗೀರ್ ಫ್ಯಾನು ನೋಡಿದ.
'ಒಂದ್ ಹೆಂಗಸೂ ಇಲ್ವಲ್ರೀ ನಿಮ್ ಕೋಟೇಲಿ.
ಅದಕ್ಕೇ ಪ್ರತೀ ಸಲ ಬಿದ್ದೋಗ್ತದೆ.'

ಅಂಗೈಯಲ್ಲಿದ್ದ ಮೂರು ಹಿತುಕಿದ ಕಾಳು
ದೊಣೆಯ ಅಂಚಿಗೆ ಇಟ್ಟು
ಸಾರಿಗೆ ಒಗ್ಗರಣೆ ಹಾಕಲು ಹೋದಳು.

'ನಿಯಮದಲ್ಲಿಲ್ಲ ಸಾರ್' ಅಂದ ದಸ್ತಗೀರ್.
ಇರಲಿಲ್ಲ. ಪೆನ್ನು ತೆಗೆದೆ.
ಹನ್ನೆರಡು, ಅ: ಸದರಿ ಕಾಳುಗಳು
ಪ್ರತಿ ರಾತ್ರಿ ತಲಾ ಒಂದು ಕೊಡ ತರತಕ್ಕದ್ದು.
ಅವನು ಎರಡು ಸಲ ಓದಿದ.
'ಹಂಗಾದ್ರೆ ನನ್ನ ದಂಡಿಗೂ ಒಬ್ಬ ಅಡುಗೆಯವನು ಬೇಕು.
ಹೊಟ್ಟೆಗಿಲ್ದೆ ಎಷ್ಟು ದಿನ ಕೂತ್ಕಳಾದು?'
ಅದು ಮುಂದಿನ ಭಾನುವಾರದ ಮಾತು ಅಂತ ಆಯಿತು.

ರಾತ್ರಿ ಬೆಟ್ಟದ ಸುತ್ತ ನಾಲ್ಕು ತಟ್ಟೆ,
ದಸ್ತಗೀರನನ್ನು ಬಿಡಲಿಲ್ಲ ಅವಳು.
ಮುದ್ದೆಯ ಬಿಸಿ ಕೋಟೆಗೋಡೆಗೆ ಮಂಜಿನ ಹಾಗೆ ತಾಗಿ,
ಇಂಚರ ಸೌಟು ಒರಗಿಸಿದಳು ಮೇಲಿನ ಬುರುಜಿಗೆ.
ಯಾರೂ ಯಾರನ್ನೂ ಮುತ್ತಲಿಲ್ಲ,
ಸಾರನ್ನು ಬಿಟ್ಟು.

ಬೆಳಗ್ಗೆ ಡಿಪೋಗೆ ಹೊರಡುವಾಗ ಎಣಿಸಿದೆ.
ದೊಣೆಯ ಬಳಿ ಎರಡೇ ಕಾಳು.
ಇಲಿಯ ಬಗ್ಗೆ ನಿಯಮ ಇನ್ನೂ ಬರೆದಿಲ್ಲ.