ಮೂರು ತಪ್ಪಿನಷ್ಟು ಎತ್ತರ

ಇಪ್ಪತ್ತಾರು ವರ್ಷ ಲೆಮ್ಮರ್ ಹತ್ತಿರದ ಸೇತುವೆ
ಎತ್ತಿದೆ, ಇಳಿಸಿದೆ.
ಸುಂಕಕ್ಕೆಂದು ಗಾಳದ ಕೋಲಿನ ತುದಿಗೆ
ಮರದ ಮೆಟ್ಟು ಕಟ್ಟಿ ದೋಣಿಯವರತ್ತ ಚಾಚುತ್ತಿದ್ದೆ.
ನಾಣ್ಯ ಬಿದ್ದಾಗ ಕೋಲು ಎಳ್ಳಷ್ಟು ಬಾಗುವುದು,
ಆ ಭಾರ ಮಣಿಕಟ್ಟಿಗೆ ಗೊತ್ತು.
ಆಮೇಲೆ ಕಂಬಕ್ಕೊಂದು ಕ್ಯಾಮೆರಾ ಬಂತು.
ಎಲ್ಲೋ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತ ಯಾರೋ
ಒಂದೇ ಬೆರಳಲ್ಲಿ ಹನ್ನೊಂದು ಸೇತುವೆ ಎತ್ತತೊಡಗಿದರು.
ರಿಮೋಟ್:
ಆ ಪದ ನನ್ನ ಬಾಯಲ್ಲಿ ಬೈಗುಳವಾಗಿ ಕೂತಿತು.

ಆದರೂ ಏಪ್ರಿಲಿನಲ್ಲಿ ವೀಬ್ರೆನ್‌ನ ಅಂಗಡಿಗೆ ಹೋದೆ.
ಯಾಕೆಂದು ಕೇಳಬೇಡಿ.
ಬಾಗಿಲ ಗಂಟೆ ಹೊಡೆದುಕೊಂಡ ಮೇಲೆ
ಬರಿಗೈಲಿ ಹಿಂದಿರುಗುವುದು ಮರ್ಯಾದೆಯಲ್ಲ.

ಮಾಡಿನಿಂದ ನೂಲಲ್ಲಿ ತೂಗುತ್ತಿದ್ದ ಯುದ್ಧವಿಮಾನ,
ರೆಕ್ಕೆ ಮೇಲೆ ಬಣ್ಣದ ಬಳೆ, ಬಂದೂಕಿನ ತೂತು.
ಅದೇ ಬೇಕು ಅಂದೆ.
ಅವನು ನಗಲಿಲ್ಲ. ನನ್ನ ಕೈ ನೋಡಿದ.
"ಅದು ಕೆಳರೆಕ್ಕೆಯದು, ರೆನ್ಸ್ಕೆ.
ವಾಲಿದರೆ ವಾಲುತ್ತಲೇ ಹೋಗುತ್ತೆ,
ಕುಡಿದವನು ಚರಂಡಿ ಹುಡುಕಿದ ಹಾಗೆ.
ಇದನ್ನು ನೋಡು."
ಕಪಾಟಿನಡಿಯಿಂದ ಎಳೆದ, ಹಳದಿ ಫೋಮಿನ ಪೆದ್ದು ಹಕ್ಕಿ:
ಬೆನ್ನ ಮೇಲೆ ಅಗಲ ರೆಕ್ಕೆ, ತುದಿ ಎರಡೂ ತುಸು ಮೇಲಕ್ಕೆ,
ನನಗೇನು ಗೊತ್ತು ಎಂದು ಭುಜ ಎಗರಿಸಿದವರ ಹಾಗೆ.
"ಕೈ ಬಿಟ್ಟರೆ ತಾನೇ ನೆಟ್ಟಗಾಗುತ್ತೆ.
ಮೊದಲ ವರ್ಷಕ್ಕೆ ಕ್ಷಮಿಸುವ ವಿಮಾನ ಬೇಕು."

ಬಿಲ್ಲಿಗೆ ಸೇರಿದ್ದು: ಬ್ಯಾಟರಿ ಎರಡು,
ಚಾರ್ಜಿಗಿಟ್ಟಾಗ ಮುಚ್ಚಲು ಸುಡದ ಚೀಲ,
ಪ್ರೊಪೆಲರ್ ಆರು. ಆರೇ? "ಆರೂ ಸಾಲದು."
ಗೋಂದಿನ ಬಾಟಲಿ ಪುಕ್ಕಟೆ;
ಕೊಡುವಾಗ ಅವನ ಮುಖದಲ್ಲಿ ಡಾಕ್ಟರರ ಗಾಂಭೀರ್ಯ.

ಮೂರು ವಾರ ಗಾಳಿ, ಮಳೆ.
ಅಡುಗೆಮನೆಯಲ್ಲಿ ಕಂಪ್ಯೂಟರಿನೊಳಗೆ ಹಾರಿಸಿದೆ.
ಒಂದು ಟೀ ಆರುವಷ್ಟರಲ್ಲಿ ನಲವತ್ತೆರಡು ಸಲ ಸತ್ತೆ.

ಕೊನೆಗೊಂದು ಶನಿವಾರ, ಗಾಳಿ ಇನ್ನೂ ಏಳದ ಬೆಳಗು,
ಟುಲಿಪ್ ಹೊಲ ದಾಟಿದರೆ ಸಿಗುವ ಹುಲ್ಲುಗಾವಲು.
ಅಜ್ಜನ ಕಾಲಕ್ಕೆ ಇದು ಕಡಲ ತಳ,
ಉಳುವಾಗ ಈಗಲೂ ಚಿಪ್ಪು ಸಿಗುತ್ತದೆ.
ಗುರು ಯೆಲ್ಮರ್. ವಯಸ್ಸು ಹನ್ನೆರಡು,
ಹಲ್ಲಿಗೆ ತಂತಿ, ಮಾತಿಗೆ ಮುಲಾಜಿಲ್ಲ.
ಆಂಟೆನಾಗೆ ರಿಬ್ಬನ್ ಚೂರು ಕಟ್ಟಿ ದಿಕ್ಕು ನೋಡಿದ.
"ಗಾಳಿಗೆ ಎದುರಾಗೇ ಎಸೀಬೇಕು, ಎತ್ತೋದು ಅದೇ.
ಮೇಲೆ ಹೋದ ಮೇಲೆ ಏನೂ ಮಾಡಬೇಡಿ.
ಮೂರು ತಪ್ಪಿನಷ್ಟು ಎತ್ತರ ಏರಲಿ."
ಅಂದರೆ ಎಷ್ಟು ಮೀಟರು?
"ನಿಮ್ಮ ತಪ್ಪು ಎಷ್ಟು ದೊಡ್ಡದೋ ಅಷ್ಟು."

ಅವನೇ ಎಸೆದ.
ಐದು ಮೀಟರು ಏರಿತು. ಈಗ ತಾನೇ ಕಡಲಮಟ್ಟ,
ಒಡ್ಡಿನಾಚೆ ನೀರಲ್ಲಿ ಕೂತ ಬಾತುಕೋಳಿಗಳ ಸಮ.
ಇಲ್ಲಿಂದಾಚೆಗೆ ಆಕಾಶ.

ಒಂದನೇ ತಪ್ಪು: ಜಾಸ್ತಿ ಎಳೆದೆ.
ಮೂಗೆತ್ತಿ ನಿಂತು, ಬಿದ್ದು, ತಾನೇ ಸಾವರಿಸಿಕೊಂಡಿತು.
ಎರಡನೆಯದು ಹೇಳುವುದಿಲ್ಲ.
ಆಮೇಲೆ ತಿರುಗಿ ನೇರ ನನ್ನತ್ತ ಬಂತು.
"ಎದುರಿಗೆ ಬಂದಾಗ ಎಡಬಲ ಅದಲುಬದಲು!
ಎಲ್ಲರೂ ಬೀಳಿಸೋದು ಇಲ್ಲೇ, ಕೊಡಿ, ಕೊಡಿ!"
ಕೊಡಲಿಲ್ಲ.
ಉತ್ತರದಿಂದ ಬಂದ ಪ್ರತಿ ದೋಣಿಯವನ ಎಡ
ನನಗೆ ಬಲವಾಗಿತ್ತಲ್ಲ, ಇಪ್ಪತ್ತಾರು ವರ್ಷ?
ಇಳಿದ ರೆಕ್ಕೆಯ ಕಡೆಗೇ ಕಡ್ಡಿ ನೂಕಿದೆ,
ವಾಲಿದ ಗೋಡೆಗೆ ಊರುಗೋಲು ಕೊಟ್ಟ ಹಾಗೆ.
ಹಳದಿ ಹೊಟ್ಟೆ ತೋರಿಸುತ್ತ ನೆತ್ತಿ ಮೇಲೆ ಹಾದುಹೋಯಿತು.
ಯೆಲ್ಮರ್ ಬಾಯಿ ಮುಚ್ಚಿದ. ತಂತಿ ಕಾಣಲಿಲ್ಲ.

ಮೂರನೆಯದನ್ನು ಇಳಿಸಲು ಉಳಿಸಿಕೊಂಡಿದ್ದೆ.
ಕಾಲುವೆ ಜೊಂಡಿನಲ್ಲಿ ಮೂಗೂರಿತು, ಬಾಲ ಮೇಲೆ.
ಹುಡುಗ ಕಾಲುಚೀಲದಲ್ಲೇ ನೀರಿಗಿಳಿದ.
ಆರರಲ್ಲಿ ಒಂದು ಹೋಯಿತು.

ಮನೆ ದಾರಿಯಲ್ಲಿ ಕೆಂಪು ದೀಪ. ನನ್ನ ಹಳೇ ಸೇತುವೆ
ಹಾಯಿದೋಣಿಯೊಂದಕ್ಕೆ ತಾನಾಗಿ ಎದ್ದು ನಿಂತಿತ್ತು.
ಸೈಕಲ್ ಇಳಿದು, ಕಂಬದ ಕ್ಯಾಮೆರಾಕ್ಕೆ
ಮುರಿದ ಪ್ರೊಪೆಲರ್ ಎತ್ತಿ ತೋರಿಸಿದೆ.
ಸೇತುವೆ ತುಸು ಮೆತ್ತಗೆ ಇಳಿಯಿತು ಅನ್ನಿಸಿತು.
ಅನ್ನಿಸಿದ್ದಷ್ಟೇ ಇರಬಹುದು.