ಇಟ್ಟಿಗೆ ಗುಂಡಿ

ಹರಿಹರದಾಚೆ, ಹೊಳೆಯ ಬಗಲಿಗೆ,
ಇಪ್ಪತ್ತು ವರ್ಷ ನಾವು ಮಣ್ಣು ತೆಗೆದ ಗುಂಡಿ.
ದಾವಣಗೆರೆಯ ಎಷ್ಟೋ ಗೋಡೆಗಳು
ಇದರೊಳಗಿಂದ ಎದ್ದು ಹೋದವು.
ಇಟ್ಟಿಗೆಯ ಲೆಕ್ಕ ಸಲೀಸು:
ಸಾವಿರಕ್ಕೊಂದು ಸುಣ್ಣದ ಗೀಟು,
ಒಡೆದದ್ದು ಬೇರೆ, ಅರೆಬೆಂದದ್ದು ಬೇರೆ.
ಗೂಡು ಆರಿಸಿದ ವರ್ಷ ಗುಂಡಿ ತುಂಬಿತು.
"ಸುಮ್ಮನೆ ಬಿಟ್ರೆ ಸೊಳ್ಳೆ ಸಾಕಿದಂಗೆ"
ಅಂದ ಅಂಬಿಗರ ಗುತ್ಯಪ್ಪ.

ಸುಣ್ಣ ಎರಚಿದೆವು, ಸಗಣಿ ಕದಡಿದೆವು.
ಮೊಣಕೈವರೆಗೆ ಮುಳುಗಿಸಿ ದಿನಾ ನೋಡುತ್ತಿದ್ದ;
ನೀರು ಹೆಸರುಕಾಳಿನ ಬಣ್ಣಕ್ಕೆ ತಿರುಗಿ
ತನ್ನ ಅಂಗೈ ತನಗೇ ಕಾಣದಾದ ದಿನ
"ಈಗ ತರಬಹುದು" ಅಂದ.

ಗಾಳಿ ತುಂಬಿದ ಚೀಲಗಳಲ್ಲಿ ಬಂದವು
ಕಾಟ್ಲಾ, ರೋಹು, ಗೆಂಡೆ, ಎಲ್ಲ ಬೆರಳುದ್ದ.
ರಸೀದಿಯಲ್ಲಿ ಒಂದು ಸಾವಿರದ ಇನ್ನೂರು.
ಬಾಯಿ ಬಿಚ್ಚಲು ಹೋದ ನನ್ನ ಕೈಗೆ ಒಂದೇಟು:
"ಚೀಲ ಮೊದ್ಲು ನೀರ ಮ್ಯಾಲೆ ತೇಲ್ಲಿ.
ಹೊಸ ಸೊಸೀನ ಹೊಸ್ತಿಲಾಗ ನಿಲ್ಲಿಸ್ತೀರಲ್ಲ, ಹಂಗ."

ಹಯಾತ್ ಸಾಬರ ಭಟ್ಟಿಯಿಂದ
ಮಂಡಕ್ಕಿ ಜರಡಿಯಲ್ಲಿ ಉಳಿದ ನುಚ್ಚು, ವಾರಕ್ಕೆರಡು ಚೀಲ.
ಮೇಲೆ ತೌಡು, ಶೇಂಗಾ ಹಿಂಡಿ.
ಕರಿಬಸಮ್ಮ ಇತ್ತ ತಲೆ ಹಾಕಲಿಲ್ಲ.
"ಆ ಕೈಲೆ ನನ್ನ ಕೊಡ ಮುಟ್ಟಬ್ಯಾಡ್ರಿ"
ಅಷ್ಟೇ ಮಾತು.

ಎರಡನೆಯ ವರ್ಷ, ಯಾರೂ ಬಿಡದ ಜಿಲೇಬಿ ಮೀನು.
ಯಾವ ಹುಡುಗನ ಡಬ್ಬಿಯಿಂದಲೋ, ಯಾವ ಕಾಲುವೆಯಿಂದಲೋ.
ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುವ ಜಾತಿ.
ಮೂರು ತಿಂಗಳಲ್ಲಿ ನುಚ್ಚೆಲ್ಲ ಅದರ ಪಾಲು,
ಕಾಟ್ಲಾ ಸೊರಗಿ ಬರೀ ತಲೆಯಾಯಿತು.
ಗುತ್ಯಪ್ಪ ಹತ್ತು ಕೊರವ ತಂದು ಬಿಟ್ಟ.
"ಇವು ಜಿಲೇಬಿ ತಿಂತಾವ."
"ಕಾಟ್ಲಾ?"
"ಬಾಯಿಗೆ ಹಿಡಿದದ್ದೆಲ್ಲ ತಿಂತಾವ."
ಇದನ್ನು ಯಾವ ಕಲಮಿನಲ್ಲಿ ಬರೆಯಲಿ?

ಆಷಾಢ. ಮೂರು ದಿನ ಮೋಡ, ಎಲೆ ಅಲುಗಲಿಲ್ಲ.
ನಾಲ್ಕನೆಯ ಬೆಳಗಿನ ಜಾವ ಟಾರ್ಚು ಬಿಟ್ಟರೆ
ನೀರಿನ ತುಂಬ ಬಾಯಿ.
ನೂರಾರು ಬಾಯಿ, ಸದ್ದಿಲ್ಲದೆ
ತೆರೆದು ಮುಚ್ಚಿ, ತೆರೆದು ಮುಚ್ಚಿ.
ಕರೆಂಟಿಲ್ಲ, ಪಂಪಿಲ್ಲ.
ನಾನು ಹಳೆಯ ಇಟ್ಟಿಗೆ ಅಚ್ಚು ಹಿಡಿದು
ನೀರಿಗೆ ಹೊಡೆದೆ, ಮಗ ಬಿದಿರಿನಿಂದ ಹೊಡೆದ.
ಹಿಂದೆ ದಡದಡ ಸದ್ದು:
ಸೊಂಟಕ್ಕೆ ಸೆರಗು ಸಿಗಿಸಿದ ಕರಿಬಸಮ್ಮ,
ಕೈಯಲ್ಲಿ ಅದೇ ತಾಮ್ರದ ಕೊಡ.
ಮೊಗೆದು, ತಲೆಯ ಮೇಲಿಂದ ಸುರಿದಳು.
ಮೊಗೆದು, ಸುರಿದಳು.
ಹೊತ್ತು ಹುಟ್ಟಿ ನೀರು ಬೆಚ್ಚಗಾಗುವವರೆಗೆ
ನಮ್ಮ ಮೂವರಲ್ಲಿ ಮಾತಿರಲಿಲ್ಲ.
ಅರವತ್ತು ಸತ್ತವು. ಅವನ್ನು ಎಣಿಸಬಹುದಿತ್ತು.

ಕಾರ್ತಿಕದಲ್ಲಿ ಬಲೆ.
ಒಂದು ಸಾವಿರದ ಇನ್ನೂರರಲ್ಲಿ
ಮುನ್ನೂರ ನಲವತ್ತೊಂದು.
ಜಿಲೇಬಿ ಕ್ರೇಟುಗಟ್ಟಲೆ, ಬುಟ್ಟಿಯ ಲೆಕ್ಕದಲ್ಲಿ ಹೋಯಿತು.
ಕೊರವ, ಬಿಟ್ಟದ್ದು ಹತ್ತು, ಸಿಕ್ಕಿದ್ದು ಹದಿನೇಳು.
ನೀರುಕಾಗೆ ಒಯ್ದದ್ದು, ಕಳ್ಳರು ಒಯ್ದದ್ದು,
ಕೆಸರಿನಲ್ಲಿ ಹೊಟ್ಟೆಯೂರಿ ಬಲೆಯನ್ನು
ಮೇಲೆ ಹೋಗಲು ಬಿಟ್ಟ ಗೆಂಡೆಗಳು,
ಎಲ್ಲಕ್ಕೂ ಸೇರಿ ಒಂದು ಅಡ್ಡಗೀಟು ಎಳೆದೆ.

ರಾತ್ರಿ ರೊಟ್ಟಿ ತಟ್ಟುತ್ತ,
ಮುಖ ಎತ್ತದೆ ಕೇಳಿದಳು:
"ಮೂತಿ ಸೀಳಿದ್ದು ಒಂದಿತ್ತಲ್ಲ,
ಆವತ್ತು ನನ್ನ ಕಾಲ ಹತ್ರ ಬಂದಿದ್ದು,
ಅದೂ ಹೋತಾ?"

ನೋಡಲಿಲ್ಲ ಅಂದೆ.
"ಸಾವಿರಗಟ್ಟಲೆ ಎಣಿಸ್ತೀರಿ" ಅಂದಳು.
ಕೊಡ ಮತ್ತೆ ಒಳಗೆ ಬಂದಿಲ್ಲ.
ದಂಡೆಯ ಮೇಲೆ ಬೋರಲು ಬಿದ್ದಿದೆ,
ಅದರ ಮೇಲೆ ಮಿಂಚುಳ್ಳಿಯ ಹಿಕ್ಕೆ.